ಜಿಮ್‌ಗೆ ಬಾರ್ ಕೊಳ್ಳುವವರು ಒಮ್ಮೆ ಕಾಟಾ ಮೇಲೂ ಇಟ್ಟು ನೋಡಲಿ

ಮಾನ್ಯ ಸಂಪಾದಕರೇ,

ಹರಿಹರದಲ್ಲಿ ನನ್ನದೊಂದು ಸಣ್ಣ ಲೇತ್ ಶಾಪ್ ಇದೆ. ಮೊದಲು ಲೇತ್ ಮೆಷಿನ್‌ಗಳನ್ನೇ ತಯಾರಿಸುವ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದೆ. ಅದು ಮುಚ್ಚಿದ ಮೇಲೆ ಒಂದು ಹಳೇ ಲೇತ್ ಕೊಂಡು ಮನೆ ಪಕ್ಕದಲ್ಲೇ ಶೆಡ್ ಹಾಕಿದೆ. ಟ್ರ್ಯಾಕ್ಟರ್ ಶಾಫ್ಟು, ಪಂಪ್‌ಸೆಟ್ ಬುಶ್ಶು, ಮೆಕ್ಕೆಜೋಳ ಬಿಡಿಸುವ ಯಂತ್ರದ ಪುಲ್ಲಿ, ಇವೇ ನಮ್ಮ ದಿನದ ಕೆಲಸ. ಈಚೆಗೆ ಜಿಮ್‌ನವರೂ ಬರುತ್ತಿದ್ದಾರೆ. ಭಾರ ಎತ್ತುವಾಗ ಎರಡೂ ತುದಿಗೆ ಪ್ಲೇಟ್ ಹಾಕುವ ಉಕ್ಕಿನ ರಾಡ್ ಇದೆಯಲ್ಲ, ಬಾರ್ ಅನ್ನುತ್ತಾರೆ, ಅದು ಬಾಗಿದಾಗ ಹೊತ್ತುಕೊಂಡು ಬರುತ್ತಾರೆ.

ಎರಡು ತಿಂಗಳ ಹಿಂದೆ ಒಂದು ಕಾಲೇಜಿನ ಪಿಟಿ ಮೇಷ್ಟ್ರು ಗೂಡ್ಸ್ ಆಟೊದಲ್ಲಿ ಎರಡು ರಾಡ್ ಹಾಕಿಕೊಂಡು ಬಂದರು. 'ಅಣ್ಣಾ, ಇವನ್ನ ಸ್ವಲ್ಪ ನೆಟ್ಟಗೆ ಮಾಡಿ ಕೊಡ್ರಿ' ಅಂದರು. ಕೊಂಡು ನಾಲ್ಕು ತಿಂಗಳಾಗಿತ್ತಂತೆ. ರಾಡ್ ಕೂರಿಸುವ ವಿ ಆಕಾರದ ಕಟ್ಟೆ, ಅಂದರೆ ವಿ ಬ್ಲಾಕ್ ಮೇಲಿಟ್ಟು ತಿರುಗಿಸಿ, ಓರೆ ಅಳೆಯುವ ಡಯಲ್ ಹಿಡಿದೆ. ನಟ್ಟನಡುವೆ 6 ಮಿಲಿಮೀಟರ್ ಔಟ್ ಇತ್ತು. ಅರ ತೆಗೆದುಕೊಂಡು ತುದಿಯಲ್ಲಿ ಎರಡು ಸಲ ಎಳೆದೆ. ಸಲೀಸಾಗಿ ಕಚ್ಚಿತು, ಪುಡಿ ಉದುರಿತು. ಒಳ್ಳೆಯ ಹದದ ಉಕ್ಕನ್ನು ಅರ ಇಷ್ಟು ಸಲೀಸಾಗಿ ಕಚ್ಚುವುದಿಲ್ಲ. ಇದು ಕಿಟಕಿ ಗ್ರಿಲ್‌ಗೆ ಬಳಸುವಂಥ ಸಾದಾ ಎಂಎಸ್, ಅಂದರೆ ಮೆತ್ತನೆಯ ಮೈಲ್ಡ್ ಸ್ಟೀಲ್. ಮೇಲೆ ಹೊಳೆಯುವ ಪ್ಲೇಟಿಂಗ್ ಕೊಟ್ಟಿದ್ದರು, ಅಷ್ಟೇ.

ಎದುರಿಗಿರುವ ಜೋಳದ ವ್ಯಾಪಾರಿಯ ಕಾಟಾ ಮೇಲೂ ಇಟ್ಟು ನೋಡಿದೆವು. ಬಿಲ್ಲಿನಲ್ಲಿ 20 ಕೆಜಿ ಎಂದಿತ್ತು. ಕಾಟಾ 17 ಕೆಜಿ 600 ಗ್ರಾಂ ತೋರಿಸಿತು. ಮೇಷ್ಟ್ರ ಮುಖ ಸಪ್ಪಗಾಯಿತು. 'ಹುಡುಗರು 80 ಎತ್ತಿದೆವು ಅಂತ ಖುಷಿಪಟ್ಟಿದ್ದರಲ್ಲಣ್ಣ' ಅಂದರು. ಆ ಮಾತು ನನಗೆ ಬಹಳ ಕೆಡುಕೆನಿಸಿತು. ಹುಡುಗ ಬೆವರು ಸುರಿಸಿ ಎತ್ತಿದ ತೂಕವೇ ಸುಳ್ಳು ಅಂದರೆ ಹೇಗೆ? ಜಿಲ್ಲಾ ಸ್ಪರ್ಧೆಗೆ ಹೋದಾಗ ಅಲ್ಲಿ ನಿಜವಾದ 20 ಕೆಜಿ ಬಾರ್ ಇರುತ್ತದೆ. ಅಲ್ಲಿ ಎತ್ತಲಾಗದೆ ಹುಡುಗ ತನ್ನನ್ನೇ ಬೈದುಕೊಳ್ಳುತ್ತಾನೆ.

ಆ ರಾಡ್‌ಗಳನ್ನು ಪ್ರೆಸ್‌ನಲ್ಲಿ ಒತ್ತಿ ನೆಟ್ಟಗೆ ಮಾಡಿ ಕೊಟ್ಟೆ. ಆದರೆ ಒಮ್ಮೆ ಬಾಗಿದ ರಾಡ್ ಮತ್ತೆ ಅಲ್ಲೇ ಬಾಗುತ್ತದೆ ಎಂದು ಹೇಳಿಯೇ ಕಳಿಸಿದೆ. ಮೂರನೇ ವಾರಕ್ಕೆ ಹಾಗೇ ಆಯಿತು. ಅದಕ್ಕೇ ಈ ಪತ್ರ. ಕಾಲೇಜು, ಹಾಸ್ಟೆಲ್, ಊರಿನ ಯುವಕ ಸಂಘ, ಎಲ್ಲರೂ ಈಗ ಜಿಮ್ ಮಾಡುತ್ತಿದ್ದಾರೆ. ಒಳ್ಳೆಯದೇ. ಆದರೆ ಟ್ರೆಡ್‌ಮಿಲ್ಲಿಗೆ, ಮಲ್ಟಿಜಿಮ್ಮಿಗೆ ಲಕ್ಷಗಟ್ಟಲೆ ಸುರಿದು, ಬಾರ್ ಮಾತ್ರ ಉಳಿದ ಚಿಲ್ಲರೆ ದುಡ್ಡಿನಲ್ಲಿ ತರುತ್ತಾರೆ. ಇದು ತಲೆಕೆಳಗಾದ ಲೆಕ್ಕ. ಭಾರ ಎತ್ತುವ ಮಕ್ಕಳಿಗೆ ಬಾರ್ ಮೊದಲು, ಉಳಿದದ್ದೆಲ್ಲ ಆಮೇಲೆ.

ಉಕ್ಕಿನ ವಿಷಯದಲ್ಲಿ ಹೆಚ್ಚಿನವರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಒಳ್ಳೆಯ ಬಾರ್ ಬಾಗುವುದೇ ಇಲ್ಲ ಅಂದುಕೊಂಡಿದ್ದಾರೆ. ಹಾಗಲ್ಲ. ಒಂದೇ ದಪ್ಪದ ಎಂಎಸ್ ರಾಡ್‌ಗೂ ದುಬಾರಿ ಉಕ್ಕಿನ ಬಾರ್‌ಗೂ ಒಂದೇ ತೂಕ ಹಾಕಿ ನೋಡಿ. ಎರಡೂ ಹೆಚ್ಚೂಕಡಿಮೆ ಒಂದೇ ಅಳತೆ ಬಾಗುತ್ತವೆ. ವ್ಯತ್ಯಾಸ ಇರುವುದು ವಾಪಸ್ ಬರುವುದರಲ್ಲಿ. ಒಳ್ಳೆಯ ಬಾರ್ ಪೂರ್ತಿ ನೆಟ್ಟಗಾಗುತ್ತದೆ. ಎಂಎಸ್ ಒಂದು ಮಿತಿ ದಾಟಿದ ಮೇಲೆ ಸ್ವಲ್ಪ ಬಾಗಿಯೇ ಉಳಿಯುತ್ತದೆ. ಈ ಮಿತಿಯನ್ನು ಯೀಲ್ಡ್ ಅನ್ನುತ್ತಾರೆ. ಸಾದಾ ಎಂಎಸ್‌ಗೆ ಅದು 250 ಮೆಗಾಪಾಸ್ಕಲ್ ಆಸುಪಾಸು. ಕಿತ್ತುಹೋಗುವ ಮಿತಿಗೆ ಟೆನ್ಸೈಲ್ ಅನ್ನುತ್ತಾರೆ. ಬಾರ್ ಮಾರುವವರು ಅದನ್ನು ಪಿಎಸ್‌ಐ, ಅಂದರೆ ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಎಂಎಸ್‌ಗೆ ಅದು ಸುಮಾರು 60,000 ಪಿಎಸ್‌ಐ. ಒಳ್ಳೆಯ ಬಾರ್‌ಗಳಿಗೆ 1,90,000ದಿಂದ 2,15,000 ಪಿಎಸ್‌ಐ ತನಕ ಇರುತ್ತದೆ. ಮೂರು ಪಟ್ಟಿಗಿಂತ ಜಾಸ್ತಿ!

ಜಿಮ್‌ನ ಹುಡುಗರು ನನ್ನನ್ನು ಕೇಳುತ್ತಾರೆ, '100 ಕೆಜಿ ಹಾಕಿ ಸ್ಟ್ಯಾಂಡ್ ಮೇಲಿಟ್ಟಾಗ ಏನೂ ಆಗಲಿಲ್ಲ, ಆಮೇಲೆ ಹೇಗೆ ಬಾಗಿತು?' ಅಂತ. ಸುಮ್ನೆ ಇಟ್ಟಾಗ ಬಾಗಿ ಉಳಿಯುವುದಿಲ್ಲ ನಿಜ. ತಲೆಯ ಮೇಲಿಂದ ಬಿಟ್ಟಾಗ ನೆಲಕ್ಕೆ ಬಡಿದ ಆ ಕ್ಷಣದಲ್ಲಿ ಬೀಳುವ ಹೊರೆ ಹಲವು ಪಟ್ಟು. ಎಂಎಸ್‌ನ ಮಿತಿ ದಾಟುವುದು ಅಲ್ಲಿ. ಅದಕ್ಕಿಂತ ಕೆಟ್ಟದ್ದು, ಸ್ಕ್ವಾಟ್ ಸ್ಟ್ಯಾಂಡಿನ ಅಡ್ಡಪಟ್ಟಿಯ ಮೇಲೆ ಧಡ್ ಎಂದು ಬಿಡುವುದು. ಅಲ್ಲಿ ಪೂರ್ತಿ ಏಟು ರಾಡಿನ ಒಂದೇ ಜಾಗಕ್ಕೆ ಬೀಳುತ್ತದೆ.

ಹಾಗಾಗಿ ಅಂಗಡಿಯವರು 'ಕೆಪಾಸಿಟಿ 300 ಕೆಜಿ' ಎಂದರೆ ತಲೆಯಾಡಿಸಿ ಬರಬೇಡಿ. ಆ ಅಂಕಿಯನ್ನು ಹೇಗೆ ಅಳೆದರು ಎಂದು ಕೇಳಿ. ಟೆನ್ಸೈಲ್ ಎಷ್ಟು, ಯೀಲ್ಡ್ ಎಷ್ಟು, ಯಾವ ಉಕ್ಕು, ಬರೆದು ಕೊಡ್ತೀರಾ ಎಂದು ಕೇಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಆ ಬಾರ್ ಬಿಡಿ.

'ನೀವೇ ಇಎನ್ 24 ಉಕ್ಕಿನಲ್ಲಿ ಒಂದು ಬಾರ್ ಮಾಡಿಕೊಡಿ' ಎಂದೂ ಕೆಲವರು ಕೇಳುತ್ತಾರೆ. ಇಎನ್ 24, ಇಎನ್ 8 ಅಂದರೆ ಎಂಎಸ್‌ಗಿಂತ ಗಟ್ಟಿಯಾದ ಉಕ್ಕಿನ ಬಗೆಗಳು. 1998ರಲ್ಲಿ ಗರಡಿಮನೆಯ ಗೆಳೆಯರಿಗಾಗಿ ಇಎನ್ 8ರಲ್ಲಿ ಒಂದು ಮಾಡಿದ್ದೆ. ಕಟಿಂಗ್, ಟರ್ನಿಂಗ್, ನರ್ಲಿಂಗ್ (ಕೈ ಜಾರದಂತೆ ಮೇಲೆ ಮೂಡಿಸುವ ತರಿ) ಎಲ್ಲ ಚೆನ್ನಾಗೇ ಬಂತು. ಕಷ್ಟ ಇರುವುದು ಹದ ಮಾಡುವುದರಲ್ಲಿ. ಎರಡು ಮೀಟರಿಗೂ ಉದ್ದದ ತೆಳ್ಳನೆ ಶಾಫ್ಟನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಅದು ತಿರುಚಿಕೊಳ್ಳುತ್ತದೆ. ಅಷ್ಟುದ್ದದ ಫರ್ನೇಸ್ ಬೇಕು, ಆಮೇಲೆ ನೆಟ್ಟಗೆ ಮಾಡುವ ಮೆಷಿನ್ ಬೇಕು. ನನ್ನಂಥ ಶೆಡ್‌ನಲ್ಲಿ ಆಗುವ ಕೆಲಸ ಅಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚ ಇಲ್ಲ. ಸ್ಥಳೀಯ ವೆಲ್ಡಿಂಗ್ ಶಾಪ್‌ನಲ್ಲಿ ಬಾರ್ ಮಾಡಿಸಿ ದುಡ್ಡು ಉಳಿಸಿದೆವು ಎನ್ನುವವರು ಇದನ್ನು ಯೋಚಿಸಬೇಕು. ಸ್ಟ್ಯಾಂಡ್ ಮಾಡಿಸಿ, ಬೆಂಚ್ ಮಾಡಿಸಿ, ಪ್ಲಾಟ್‌ಫಾರ್ಮಿಗೆ ಫ್ರೇಮ್ ಮಾಡಿಸಿ. ಬಾರ್ ಬೇಡ.

ಈ ಮಾತಿಗೆ ಒಂದು ಹಳೆಯ ಕಥೆ ನೆನಪಾಗುತ್ತದೆ. ಸ್ವೀಡನ್ನಿನ ಹಾಲ್ಮ್‌ಸ್ಟಾಡ್ ಎಂಬ ಊರಿನಲ್ಲಿ ಎಲೈಕೊ ಎಂಬ ಕಂಪನಿ ಇದೆ. ಅವರು ಮೊದಲು ಮಾಡುತ್ತಿದ್ದದ್ದು ಅಡುಗೆಮನೆಯ ಕರೆಂಟ್ ಸಾಮಾನು, ವಾಫಲ್ ಸುಡುವ ಕಾವಲಿ ಇತ್ಯಾದಿ. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಭಾರ ಎತ್ತುವ ಹುಚ್ಚು. ಆಗಿನ ಬಾರ್‌ಗಳು ಬಾಗುವುದು, ಮುರಿಯುವುದು ನೋಡಿ ಬೇಸತ್ತು, ನಾವೇ ಒಳ್ಳೆಯದೊಂದು ಮಾಡೋಣ ಎಂದು ಮಾಲೀಕರನ್ನು ಒಪ್ಪಿಸಿದರು. 1957ರಲ್ಲಿ ಶುರುವಾಯಿತು. 1963ರಲ್ಲಿ ಸ್ಟಾಕ್‌ಹೋಮ್‌ನ ವಿಶ್ವ ಚಾಂಪಿಯನ್‌ಷಿಪ್ ಪೂರ್ತಿ ಅವರ ಒಂದೇ ಬಾರ್‌ನಲ್ಲಿ ನಡೆಯಿತು. ಬದಲಿಸುವ ಪ್ರಮೇಯವೇ ಬರಲಿಲ್ಲ. ಈಗಲೂ ದೊಡ್ಡ ಸ್ಪರ್ಧೆಗಳಲ್ಲಿ ಅವರ ಬಾರ್ ಇರುತ್ತದೆ. ಕಾರ್ಖಾನೆಯಲ್ಲಿ ದುಡಿದವನು ನಾನು. ಹಾಗಾಗಿ ಈ ಕಥೆ ನನಗೆ ಬಹಳ ಇಷ್ಟ.

ಅಂಥ ಬಾರ್ ಇಲ್ಲಿಗೆ ತರಿಸಿದರೆ ಲಕ್ಷ ದಾಟುತ್ತದೆ. ಎಲ್ಲರೂ ಅದನ್ನೇ ತನ್ನಿ ಎಂದು ನಾನು ಹೇಳುತ್ತಿಲ್ಲ. ಜಲಂಧರ್, ಮೀರತ್ ಕಡೆ ತಯಾರಾಗುವ ಕ್ರೀಡಾ ಸಾಮಾನು ನಮ್ಮ ಕಡೆಗೂ ಬರುತ್ತದೆ. ಅದರಲ್ಲಿ ಒಳ್ಳೆಯದೂ ಇದೆ, ಕಳಪೆಯೂ ಇದೆ. ಆರಿಸಲು ಬರಬೇಕು, ಅಷ್ಟೇ.

ಹೇಗೆ ಆರಿಸುವುದು? ದಪ್ಪ ಅಳೆಯುವ ಒಂದು ವರ್ನಿಯರ್, ಒಂದು ಟೇಪು, ಒಂದು ಕಾಟಾ ಸಾಕು. ಒಲಿಂಪಿಕ್ಸ್ ಮಾದರಿಯ ಭಾರ ಎತ್ತುವುದಕ್ಕೆ ಗಂಡಸರ ಬಾರ್ 20 ಕೆಜಿ, ಉದ್ದ 2.20 ಮೀಟರ್, ಕೈ ಹಿಡಿಯುವ ಜಾಗದಲ್ಲಿ ದಪ್ಪ 28 ಮಿಲಿಮೀಟರ್. ಪ್ಲೇಟ್ ಹಾಕುವ ತುದಿ, ಅದಕ್ಕೆ ಸ್ಲೀವ್ ಅನ್ನುತ್ತಾರೆ, 50 ಮಿಲಿಮೀಟರ್. ಕೊಟೇಷನ್‌ನಲ್ಲಿ ಎಲ್ಲರೂ '7 ಅಡಿ ಬಾರ್' ಎಂದು ಬರೆಯುತ್ತಾರೆ. 7 ಅಡಿ ಅಂದರೆ 213 ಸೆಂಟಿಮೀಟರ್. ಅಲ್ಲೇ ಏಳು ಸೆಂಟಿಮೀಟರ್ ಹೋಯಿತು. ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮದಲ್ಲಿ 20 ಕೆಜಿ ಬಾರ್ ಹೆಚ್ಚೆಂದರೆ 20 ಗ್ರಾಂ ಜಾಸ್ತಿ ಇರಬಹುದು, 10 ಗ್ರಾಂ ಕಡಿಮೆ ಇರಬಹುದು. ನಮ್ಮ ಕಾಲೇಜಿಗೆ ಅಷ್ಟು ಬಿಗಿ ಬೇಡ. ಆದರೆ ಸುಮಾರು ಎರಡೂವರೆ ಕೆಜಿ ಕಡಿಮೆ ಅಂದರೆ ಅದು ಮೋಸವೇ.

ಬಾರಿನ ಮೇಲೆ ನರ್ಲಿಂಗ್ ನಡುವೆ ಎರಡು ನುಣುಪು ಗೆರೆ ಇರುತ್ತವೆ. ಅವುಗಳ ನಡುವಿನ ದೂರ ಟೇಪಿನಿಂದ ಅಳೆಯಿರಿ. 91 ಸೆಂಟಿಮೀಟರ್ ಇದ್ದರೆ ಅದು ಸ್ನ್ಯಾಚ್ (ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವುದು), ಕ್ಲೀನ್ ಅಂಡ್ ಜರ್ಕ್‌ಗೆ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ) ಮಾಡಿದ ಬಾರ್. 81 ಇದ್ದರೆ ಪವರ್‌ಲಿಫ್ಟಿಂಗ್‌ನದು. ಪವರ್‌ಲಿಫ್ಟಿಂಗ್ ಬಾರ್ ಸಾಮಾನ್ಯವಾಗಿ 29 ಮಿಲಿಮೀಟರ್ ದಪ್ಪ, ಬಿಗಿ ಜಾಸ್ತಿ, ಸ್ಲೀವ್ ತಿರುಗುವುದು ಕಡಿಮೆ. ಸ್ಕ್ವಾಟ್, ಬೆಂಚ್‌ಗೆ ಅದು ಒಳ್ಳೆಯದೇ. ಸ್ನ್ಯಾಚ್ ಮಾಡುವ ಹುಡುಗನ ಕೈಗೆ ಕೊಟ್ಟರೆ ಮಣಿಕಟ್ಟು ನೋಯುತ್ತದೆ.

ಮಣಿಕಟ್ಟು ಯಾಕೆ ನೋಯುತ್ತದೆ ಅಂದರೆ, ಬಾರ್ ಮೇಲೆ ಬರುವಾಗ ಕೈ ತಿರುಗುತ್ತದೆ, ಕೈಯ ಜೊತೆ ಶಾಫ್ಟ್ ತಿರುಗುತ್ತದೆ. ಸ್ಲೀವ್ ಬಿಡಿಯಾಗಿ ತಿರುಗಿದರೆ ಪ್ಲೇಟ್‌ಗಳು ತಮ್ಮ ಪಾಡಿಗೆ ಇರುತ್ತವೆ. ಸ್ಲೀವ್ ಜಾಮ್ ಆಗಿದ್ದರೆ ಅಷ್ಟೂ ಪ್ಲೇಟ್‌ಗಳನ್ನು ಮಣಿಕಟ್ಟೇ ತಿರುಗಿಸಬೇಕು. ಒಳಗೆ ಗನ್‌ಮೆಟಲ್ ಬುಶ್ ಇದ್ದರೂ ಅಭ್ಯಾಸಕ್ಕೆ ಚೆನ್ನಾಗಿ ನಡೆಯುತ್ತದೆ. ನೀಡಲ್ ಬೇರಿಂಗ್ ಇದ್ದರೆ ಇನ್ನೂ ಒಳ್ಳೆಯದು, ಬೆಲೆಯೂ ಏರುತ್ತದೆ. ಏನೂ ಇಲ್ಲದೆ ಕಬ್ಬಿಣದ ಮೇಲೆ ಕಬ್ಬಿಣ ತಿರುಗುವ ಬಾರ್‌ಗಳೂ ಇವೆ. ಕೈಯಿಂದ ತಿರುಗಿಸಿದರೆ ಕರಕರ ಶಬ್ದ ಬರುತ್ತದೆ. ಸ್ಲೀವಿನ ತುದಿಯನ್ನೂ ನೋಡಿ. ಸ್ಲೀವ್ ಕಳಚದಂತೆ ಹಿಡಿಯುವ ಉಕ್ಕಿನ ಬಳೆ, ಅಂದರೆ ಸರ್ಕ್ಲಿಪ್ ಹಾಕಿದ್ದರೆ ಸರಿ. ಒಂದೇ ಅಲೆನ್ ಬೋಲ್ಟ್ ಹಾಕಿ ಬಿಗಿದಿದ್ದರೆ, ನಾಲ್ಕು ಸಲ ಎತ್ತಿ ಹಾಕಿದ ಮೇಲೆ ಅದು ಸಡಿಲವಾಗುತ್ತದೆ. ಒಬ್ಬ ಹುಡುಗ ತಲೆಯ ಮೇಲೆ ಎತ್ತಿ ಹಿಡಿದಾಗ ಸ್ಲೀವ್ ಕಳಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇವರ ದಯೆ, ಪಕ್ಕದಲ್ಲಿ ಯಾರೂ ಇರಲಿಲ್ಲ.

ನೆಟ್ಟಗಿದೆಯೇ ಎಂದು ನೋಡಲು ವಿ ಬ್ಲಾಕ್ ಬೇಕಿಲ್ಲ. ಖಾಲಿ ಬಾರನ್ನು ಸ್ಟ್ಯಾಂಡ್ ಮೇಲಿಟ್ಟು, ಶಾಫ್ಟ್ ಹಿಡಿದು ಉರುಳಿಸಿ. ತುದಿಗಳು ಮೇಲೆ ಕೆಳಗೆ ಕುಣಿದರೆ ಬಾಗಿದೆ ಎಂದೇ ಅರ್ಥ. ಹೊಸದರಲ್ಲೂ ಹೀಗೆ ನೋಡಿಯೇ ತೆಗೆದುಕೊಳ್ಳಿ.

ನರ್ಲಿಂಗ್ ನನ್ನ ಸ್ವಂತ ಕೆಲಸ, ಅದರ ಬಗ್ಗೆ ಎರಡು ಮಾತು. ಜಾಸ್ತಿ ಚೂಪಿದ್ದರೆ ಹಿಡಿತ ಜಾಸ್ತಿ ಅಂದುಕೊಳ್ಳುತ್ತಾರೆ. ಚೂಪಾದ ನರ್ಲಿಂಗ್ ಮೊದಲ ವಾರ ಅಂಗೈ ಕೀಳುತ್ತದೆ, ಆಮೇಲೆ ಮಕ್ಕಳು ಹೆದರಿ ಸಡಿಲ ಹಿಡಿಯುತ್ತಾರೆ. ಒಳ್ಳೆಯ ನರ್ಲಿಂಗ್ ಅಂದರೆ ಸಣ್ಣ ಸಣ್ಣ ವಜ್ರದ ಕಣ್ಣು, ಒಂದೇ ಆಳ, ತುದಿಯಲ್ಲಿ ಮುಳ್ಳಿಲ್ಲ. ಅಂಗೈ ಒತ್ತಿ ಜಾರಿಸಿ ನೋಡಿದರೆ ತಿಳಿಯುತ್ತದೆ. ಪ್ಲೇಟಿಂಗ್ ದಪ್ಪವಾಗಿ ಕೂತು ಕಣ್ಣು ಮುಚ್ಚಿದ್ದರೆ ಅದೂ ಬೇಡ, ಬೆವರು ಕೈಯಲ್ಲಿ ಜಾರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಹೆಣ್ಣುಮಕ್ಕಳ ಬಾರ್.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. 44 ಕೆಜಿ ಇದ್ದಾಳೆ. ಹೋದ ವರ್ಷದಿಂದ ಭಾರ ಎತ್ತಲು ಹೋಗುತ್ತಿದ್ದಾಳೆ. ಒಂದು ದಿನ ಬಂದು ಹೆಬ್ಬೆರಳು ತೋರಿಸಿದಳು, ಊದಿತ್ತು. 'ಅಜ್ಜಾ, ನನ್ನ ಕೈಯಲ್ಲಿ ಹುಕ್ ಹಿಡಿಯೋಕೆ ಆಗ್ತಿಲ್ಲ. ನನ್ನ ಕೈನೇ ಸಣ್ಣದು' ಅಂದಳು. ಹುಕ್ ಅಂದರೆ ಹೆಬ್ಬೆರಳನ್ನು ಬಾರಿಗೆ ಸುತ್ತಿ ಅದರ ಮೇಲೆ ಬೆರಳು ಬಿಗಿಯುವ ಹಿಡಿತ. ಸ್ನ್ಯಾಚ್, ಕ್ಲೀನ್ ಮಾಡುವವರಿಗೆ ಅದು ಬೇಕೇ ಬೇಕು. ಅವಳು ಹೋಗುವ ಜಾಗಕ್ಕೆ ನಾನೇ ವರ್ನಿಯರ್ ಹಿಡಿದು ಹೋದೆ. ಅಲ್ಲಿದ್ದ ಬಾರ್ 30 ಮಿಲಿಮೀಟರ್! ಅವಳ ಕೈ ಸಣ್ಣದಲ್ಲ, ಬಾರ್ ದಪ್ಪ. ಮಗು ತಪ್ಪು ತನ್ನದು ಅಂದುಕೊಂಡಿತ್ತಲ್ಲ, ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಂಗಸರಿಗೆ ಬೇರೆ ಬಾರ್ ಇದೆ. 15 ಕೆಜಿ, ಉದ್ದ 2.01 ಮೀಟರ್, ದಪ್ಪ 25 ಮಿಲಿಮೀಟರ್. ಸ್ಪರ್ಧೆಯಲ್ಲಿ ಅದಕ್ಕೆ ಹಳದಿ ಗುರುತು, ಗಂಡಸರದಕ್ಕೆ ನೀಲಿ. ಸ್ಲೀವ್ ಮಾತ್ರ ಅದೇ 50 ಮಿಲಿಮೀಟರ್, ಹಾಗಾಗಿ ಇದ್ದ ಪ್ಲೇಟ್‌ಗಳೇ ಆಗುತ್ತವೆ, ಹೊಸದು ಕೊಳ್ಳಬೇಕಿಲ್ಲ. ಸಿಡ್ನಿಯಲ್ಲಿ 2000ದಲ್ಲಿ ಕರ್ಣಂ ಮಲ್ಲೇಶ್ವರಿ ಕಂಚು ತಂದರು, ಟೋಕಿಯೊದಲ್ಲಿ ಮೀರಾಬಾಯಿ ಚಾನು 49 ಕೆಜಿ ವಿಭಾಗದಲ್ಲಿ 202 ಕೆಜಿ ಎತ್ತಿ ಬೆಳ್ಳಿ ತಂದರು. ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶಕ್ಕೆ ಈ ಆಟದಲ್ಲಿ ಬಂದ ಎರಡು ಪದಕವೂ ಹೆಣ್ಣುಮಕ್ಕಳದೇ. ಆದರೂ ನಾನು ನೋಡಿದ ಏಳು ಜಿಮ್‌ಗಳಲ್ಲಿ 15 ಕೆಜಿ ಬಾರ್ ಇದ್ದದ್ದು ಒಂದರಲ್ಲಿ ಮಾತ್ರ.

25 ಮಿಲಿಮೀಟರ್ ಬಾರ್ ಕೊಳ್ಳುವಾಗ ಉಕ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದಪ್ಪ ಮೂರೇ ಮಿಲಿಮೀಟರ್ ಕಡಿಮೆ ಅನಿಸಬಹುದು. ಆದರೆ ಅದೇ ತೂಕಕ್ಕೆ ಅದು 28ಕ್ಕಿಂತ ಒಂದೂವರೆ ಪಟ್ಟು ಜಾಸ್ತಿ ಬಾಗುತ್ತದೆ. ಉಕ್ಕು ಒಳ್ಳೆಯದಿದ್ದರೆ ಆ ಬಾಗುವಿಕೆ ಎತ್ತುವವರಿಗೆ ಸಹಾಯವೇ. ಜರ್ಕ್ ಮಾಡುವಾಗ ಬಾರ್ ಬಾಗಿ ಮೇಲೆ ಚಿಮ್ಮುವುದನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ಎಂಎಸ್‌ನಲ್ಲಿ 25 ಮಾಡಿದರೆ ಚಿಮ್ಮುವುದಿಲ್ಲ, ಬಾಗಿಯೇ ಉಳಿಯುತ್ತದೆ. ಇನ್ನೂ ಚಿಕ್ಕ ಮಕ್ಕಳಿಗೆ 5 ಕೆಜಿ, 10 ಕೆಜಿಯ ಹಗುರ ಬಾರ್‌ಗಳು ಸಿಗುತ್ತವೆ. ಕಲಿಯುವಾಗ ಅವೇ ಸರಿ.

ಕರಾವಳಿಯವರಿಗೆ ಒಂದು ಮಾತು. ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2018ರಲ್ಲಿ 249 ಕೆಜಿ ಎತ್ತಿ ಬೆಳ್ಳಿ ಗೆದ್ದರು, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಎತ್ತಿ ಕಂಚು ಗೆದ್ದರು. ಆ ಕಡೆ ಆಸಕ್ತಿ ಚೆನ್ನಾಗಿದೆ. ಆದರೆ ಉಪ್ಪುಗಾಳಿ. ಬರಿ ಉಕ್ಕಿನ ಬಾರ್, ಕಪ್ಪು ಆಕ್ಸೈಡ್ ಬಾರ್ ಅಲ್ಲಿ ಒಂದು ಮಳೆಗಾಲ ಕಳೆಯುವುದೂ ಕಷ್ಟ. ಹಾರ್ಡ್ ಕ್ರೋಮ್ ಅಥವಾ ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಕೈಗೆ ಹಚ್ಚುವ ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ ನರ್ಲಿಂಗ್‌ನಲ್ಲಿ ಕೂತು ಬೆವರು ಹೀರಿ ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆ ನೈಲಾನ್ ಬ್ರಶ್‌ನಿಂದ ಉಜ್ಜಿ, ಹೊಲಿಗೆ ಮೆಷಿನ್ ಎಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗಿ ಧೂಳು ಹಿಡಿಯುತ್ತದೆ. ರಾತ್ರಿಯೆಲ್ಲ ಪ್ಲೇಟ್ ಹಾಕಿಯೇ ಸ್ಟ್ಯಾಂಡ್ ಮೇಲೆ ಬಿಡಬೇಡಿ.

ಇನ್ನು ಖರೀದಿ ಮಾಡುವ ಅಧಿಕಾರಿಗಳಿಗೆ, ಆಡಳಿತ ಮಂಡಳಿಗಳಿಗೆ ನನ್ನ ಕೋರಿಕೆ. ಕಡಿಮೆ ದರ ಹಾಕಿದವರಿಗೇ ಕೊಡಬೇಕು ಎಂಬ ನಿಯಮ ನಿಮ್ಮ ಕೈ ಕಟ್ಟಿರಬಹುದು. ಆದರೆ ಏನು ಬೇಕು ಎಂದು ಬರೆಯುವುದು ನಿಮ್ಮ ಕೈಯಲ್ಲೇ ಇದೆ ಅಲ್ವಾ? 'ಒಲಿಂಪಿಕ್ ಬಾರ್, ಹೆವಿ ಡ್ಯೂಟಿ, 2 ನಗ' ಎಂದು ಬರೆದರೆ ಕಿಟಕಿ ಗ್ರಿಲ್ಲಿನ ಉಕ್ಕೇ ಬರುತ್ತದೆ. ತೂಕ, ಉದ್ದ, ದಪ್ಪ, ಟೆನ್ಸೈಲ್, ಬುಶ್ಶೋ ಬೇರಿಂಗೋ, ಸರ್ಕ್ಲಿಪ್, ಎಲ್ಲ ಅಂಕಿ ಸಮೇತ ಬರೆಯಿರಿ. ಎರಡು ಬಾರ್ ಕೊಳ್ಳುವುದಾದರೆ ಒಂದು 20 ಕೆಜಿ, ಒಂದು 15 ಕೆಜಿ ಇರಲಿ. ಮಾಲು ಬಂದ ದಿನವೇ ಕಾಟಾ ಮೇಲಿಟ್ಟು, ಉರುಳಿಸಿ ನೋಡಿ, ಸರಿ ಇದ್ದರೆ ಮಾತ್ರ ಬಿಲ್ ಪಾಸ್ ಮಾಡಿ. ಮೇಷ್ಟ್ರು ತಂದ ಆ ಎರಡು ರಾಡ್‌ಗಳ ಬಿಲ್ ನೋಡಿದ್ದೇನೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದೇ ಒಂದು ಒಳ್ಳೆಯ ಬಾರ್ ತಂದಿದ್ದರೆ ಹತ್ತು ವರ್ಷ ಬರುತ್ತಿತ್ತು. ಈಗ ಎರಡೂ ನನ್ನ ಶೆಡ್ಡಿನ ಮೂಲೆಯಲ್ಲಿ ನಿಂತಿವೆ.

ಮೊಮ್ಮಗಳ ಜಿಮ್‌ನವರು ನನ್ನ ಮಾತು ಕೇಳಿ ಹೋದ ತಿಂಗಳು ಒಂದು 15 ಕೆಜಿ ಬಾರ್ ತರಿಸಿದರು. ಡಬ್ಬ ಬಿಚ್ಚುವ ಮೊದಲು ನನ್ನನ್ನು ಕರೆದರು. ಅಳೆದೆ, 25. ತೂಗಿದೆ, 15ಕ್ಕೆ 40 ಗ್ರಾಂ ಕಡಿಮೆ. ನಮ್ಮ ಅಭ್ಯಾಸಕ್ಕೆ ನಡೆಯುತ್ತದೆ ಎಂದೆ. ಮೊಮ್ಮಗಳು ಬಂದು ಹಿಡಿದಳು. ಹೆಬ್ಬೆರಳು ಸುತ್ತಿ ಬೆರಳು ಮೇಲೆ ಕೂತಿತು. 'ಅಜ್ಜಾ, ಹುಕ್ ಬಂತು' ಅಂದಳು.

ಹರಿಹರ, ದಾವಣಗೆರೆ ಕಡೆಯ ಶಾಲೆ, ಕಾಲೇಜು, ಯುವಕ ಸಂಘದವರು ಬಾರ್ ಕೊಳ್ಳುವ ಮೊದಲು ಅಥವಾ ಮಾಲು ಬಂದ ದಿನ ನನ್ನ ಶಾಪ್‌ಗೆ ತಂದರೆ ಅಳೆದು, ತೂಗಿ, ಉರುಳಿಸಿ ನೋಡಿ ಹೇಳುತ್ತೇನೆ. ದುಡ್ಡು ಬೇಡ. ಬಿಲ್ಲು, ಡಬ್ಬದ ಮೇಲಿನ ಲೇಬಲ್ಲು ಎಸೆಯದೆ ಜೊತೆಗೆ ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಟರ್ನರ್ ಒಬ್ಬರು, ಹರಿಹರ